ಎಂಟು ಶನಿವಾರಗಳು ಮತ್ತು ವರಾಂಡದ ಮೇಜು: ಒಂದು ತರಗತಿಯ ವಿಮರ್ಶೆ

ಮಂಗಳೂರಿನ ಒಂದು ಮಸೀದಿಗೆ ಸೇರಿದ ಮದ್ರಸ ಕಟ್ಟಡದ ಮೇಲಂತಸ್ತಿನಲ್ಲಿ, ಕಳೆದ ಮಳೆಗಾಲ ಮುಗಿದ ಮೇಲೆ, 'ಅನ್ಯಾಯದ ಎದುರು ದುಆ ಮತ್ತು ದುಡಿಮೆ' ಎಂಬ ಹೆಸರಿನಲ್ಲಿ ಎಂಟು ಶನಿವಾರಗಳ ತರಗತಿ ನಡೆಯಿತು; ದುಆ ಎಂದರೆ ಪ್ರಾರ್ಥನೆ. ಸೂರ್ಯಾಸ್ತದ ಮಗ್ರಿಬ್ ನಮಾಝ್ ಮುಗಿದ ಮೇಲೆ ಆರಂಭವಾಗಿ ರಾತ್ರಿಯ ಇಶಾ ನಮಾಝಿನ ಬಾಂಗಿನ ಹೊತ್ತಿಗೆ ಮುಗಿಯುವ ಪಾಠ, ಇಶಾದ ನಂತರ ವರಾಂಡದಲ್ಲಿ ಅರ್ಜಿ ಬರೆದುಕೊಡುವ ಒಂದು ಮೇಜು, ನಡುವೆ ನಿಂಬೆ ಹಿಂಡಿದ ಸುಲೈಮಾನಿ ಚಹಾ: ಇಷ್ಟು ವ್ಯವಸ್ಥೆ. ಶುಲ್ಕ 300 ರೂಪಾಯಿ. ಅದರಲ್ಲಿಯೇ 64 ಪುಟಗಳ ಟಿಪ್ಪಣಿ ಪುಸ್ತಕವೂ ಸೇರಿದೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಯಾವ ತರಗತಿಯನ್ನು ಕಂಡರೂ ತಪ್ಪು ಹುಡುಕುವ ಚಾಳಿ ಇದೆ. ಆದ್ದರಿಂದ ಈ ಬರಹದಲ್ಲಿ ಮೆಚ್ಚುಗೆ ಇದ್ದಲ್ಲಿ ಅದನ್ನು ನಂಬಬಹುದು.

ಸೇರುವಾಗ ನನ್ನ ನಿರೀಕ್ಷೆ ದೊಡ್ಡದಿರಲಿಲ್ಲ. ಮರ್ದಿತನ, ಅಂದರೆ ಅನ್ಯಾಯಕ್ಕೊಳಗಾದವನ, ಪ್ರಾರ್ಥನೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ ಎಂಬ ಪ್ರವಾದಿ ವಚನವನ್ನು ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ, ಶುಕ್ರವಾರದ ಪ್ರವಚನಗಳಾದ ಜುಮಾ ಖುತ್ಬಾಗಳಲ್ಲಿ, ಮೊಬೈಲಿಗೆ ಬೆಳಗ್ಗೆ ಬಂದು ಬೀಳುವ ಚಿತ್ರಗಳಲ್ಲಿ ಎಷ್ಟು ಸಲ ಓದಿಲ್ಲ? ಸೋತವನಿಗೆ ಹೇಳುವ ಸಮಾಧಾನದ ಮಾತಿನಂತೆಯೇ ಅದನ್ನು ಕೇಳುತ್ತ ಬೆಳೆದವನು ನಾನು. ಮೊದಲ ಶನಿವಾರವೇ ಪಾಠ ಹೇಳುವ ಉಸ್ತಾದರು ಆ ವಚನವನ್ನು ಅದರ ಜಾಗದಲ್ಲಿಟ್ಟು ತೋರಿಸಿದರು. ಪ್ರವಾದಿಯವರು (ಸ) ಮುಆದ್ ಬಿನ್ ಜಬಲ್ ಅವರನ್ನು ಯಮನ್ ನಾಡಿಗೆ ಕಳುಹಿಸುವಾಗ ಹೇಳಿದ ಮಾತು ಅದು. ಅಲ್ಲಿನ ಜನರನ್ನು ಮೊದಲು ಏಕದೇವ ವಿಶ್ವಾಸಕ್ಕೆ ಕರೆಯಬೇಕು, ಐದು ಹೊತ್ತಿನ ನಮಾಝ್ ತಿಳಿಸಬೇಕು, ಉಳ್ಳವರಿಂದ ಝಕಾತ್ ಪಡೆದು ಅಲ್ಲಿನ ಬಡವರಿಗೇ ಹಂಚಬೇಕು ಎಂದ ಮೇಲೆ, ಝಕಾತ್ ಎತ್ತುವಾಗ ಅವರ ಆಸ್ತಿಯಲ್ಲಿ ಅತ್ಯುತ್ತಮವಾದುದನ್ನೇ ಆರಿಸಿಕೊಳ್ಳಬೇಡಿರಿ, ಮರ್ದಿತನ ಪ್ರಾರ್ಥನೆಗೆ ಹೆದರಿರಿ ಎಂದರು. ಪ್ರವಾದಿ ವಚನಗಳ, ಅಂದರೆ ಹದೀಸ್‌ಗಳ, ಸಂಗ್ರಹಗಳಾದ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದು ಹೀಗೆಯೇ ಇದೆ. ಅಂದರೆ ಮಾತು ಹೇಳಿದ್ದು ನೊಂದವನಿಗಲ್ಲ, ಅಧಿಕಾರ ಹೊತ್ತು ವಸೂಲಿಗೆ ಹೊರಟವನಿಗೆ. ಅದರ ಧಾಟಿ ಸಾಂತ್ವನದ್ದಲ್ಲ, ಎಚ್ಚರಿಕೆಯದು. "ಈ ಹದೀಸ್ ಓದುವಾಗ ನೀವು ನಿಮ್ಮನ್ನು ಎಲ್ಲಿ ನಿಲ್ಲಿಸಿಕೊಂಡಿದ್ದೀರಿ? ಯಮನಿನ ರೈತನ ಜಾಗದಲ್ಲೋ, ಮುಆದರ ಜಾಗದಲ್ಲೋ?" ಎಂದು ಉಸ್ತಾದರು ಕೇಳಿದಾಗ ನಲವತ್ತು ಜನ ಕುಳಿತಿದ್ದ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಶುಲ್ಕದ 300 ರೂಪಾಯಿ ಆ ಪ್ರಶ್ನೆಯೊಂದಕ್ಕೇ ಸಂದಾಯವಾಯಿತು ಎಂದು ನನಗೆ ಅನ್ನಿಸಿತು.

ಎರಡನೆಯ ವಾರದ ವಿಷಯ ಕುನೂತ್, ಅಂದರೆ ನಮಾಝಿನಲ್ಲಿ ನಿಂತು ಮಾಡುವ ವಿಶೇಷ ಪ್ರಾರ್ಥನೆ. ಕರಾವಳಿಯ ಶಾಫಿಈ ಪಂಥದವರಾದ ನಮಗೆ ಬೆಳಗಿನ ಸುಬಹಿ ನಮಾಝಿನ ಕುನೂತ್ ದಿನನಿತ್ಯದ್ದು. ಅರ್ಥ ಗಮನಿಸದೆ ಆಮೀನ್ ಹೇಳುವ ಅಭ್ಯಾಸವೂ ಅಷ್ಟೇ ಹಳೆಯದು. ಆಪತ್ತಿನ ಕಾಲದ ಕುನೂತ್, ಅಂದರೆ ಕುನೂತ್ ನಾಝಿಲಾ, ಬೇರೆಯದು. ಹಿಜರಿ 4ರಲ್ಲಿ ಬಿಅರ್ ಮಊನಾದಲ್ಲಿ ಕುರ್‌ಆನ್ ಪಾರಾಯಣದಲ್ಲಿ ಹೆಸರಾದ 70 ಮಂದಿಯನ್ನು ನಂಬಿಸಿ ಕೊಂದಾಗ, ಪ್ರವಾದಿಯವರು ಒಂದು ತಿಂಗಳ ಕಾಲ ನಮಾಝಿನಲ್ಲಿ ರಿಅಲ್, ದಕ್ವಾನ್, ಉಸಯ್ಯಾ ಮೊದಲಾದ ಆ ಗೋತ್ರಗಳ ವಿರುದ್ಧ ಪ್ರಾರ್ಥಿಸಿದರು. ಇಷ್ಟನ್ನು ಯಾವ ಮೌಲವಿಯವರೂ ಹೇಳುತ್ತಾರೆ. ಆದರೆ ನಮ್ಮ ಉಸ್ತಾದರು ಅಲ್ಲಿಗೆ ನಿಲ್ಲಿಸದೆ, ಉಹುದ್ ಯುದ್ಧದ ನಂತರ ಸಫ್ವಾನ್ ಬಿನ್ ಉಮಯ್ಯಾ, ಸುಹೈಲ್ ಬಿನ್ ಅಮ್ರ್, ಹಾರಿಸ್ ಬಿನ್ ಹಿಶಾಮ್ ಎಂಬ ಮೂವರು ವೈರಿಗಳ ಹೆಸರೆತ್ತಿ ಪ್ರವಾದಿಯವರು ಅವರ ವಿರುದ್ಧ ಪ್ರಾರ್ಥಿಸುತ್ತಿದ್ದಾಗ "ಈ ವಿಷಯದಲ್ಲಿ ನಿಮಗೆ ಯಾವ ಅಧಿಕಾರವೂ ಇಲ್ಲ" ಎಂಬ, ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದ 128ನೆಯ ಸೂಕ್ತ ಇಳಿಯಿತೆಂಬ ಬುಖಾರಿಯ ವರದಿಯನ್ನೂ ಮುಂದಿಟ್ಟರು. ಮಕ್ಕಾ ವಿಜಯದ ನಂತರ ಆ ಮೂವರೂ ಮುಸ್ಲಿಮರಾದರು ಎಂಬುದನ್ನು ಹೇಳಿ, ಮುಂದಿನ ಮಾತನ್ನು ನಮಗೇ ಬಿಟ್ಟರು. ದೂರದ ನಾಡಿನ ಮರ್ದಿತರಿಗಾಗಿ ಕಣ್ಣೀರಿಟ್ಟು ಕುನೂತ್ ಓದಿ, ಮನೆಗೆ ಬಂದು ನೆರೆಮನೆಯವನ ಹೆಸರು ಹಿಡಿದು ಶಪಿಸುವ ನಮ್ಮಂಥವರಿಗೆ ಆ ಮೌನ ಸಾಕಾಗಿತ್ತು.

ಮೂರನೆಯ ವಾರದಲ್ಲಿ ಬದ್ರ್ ಯುದ್ಧ ಬಂತು. ಇಲ್ಲಿ ಪಾಠ ಸ್ವಲ್ಪ ಸವಕಲಾಯಿತು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆ ಇಡು ಎಂಬ ಹದೀಸನ್ನು ಅರ್ಧ ಗಂಟೆ ವಿವರಿಸುವ ಅಗತ್ಯ ಇರಲಿಲ್ಲ. ಆದರೂ ಒಂದು ಹೋಲಿಕೆ ನೆನಪಿನಲ್ಲಿ ಉಳಿದಿದೆ. ಪ್ರವಾದಿಯವರು ಕೈಯೆತ್ತಿ ಎಷ್ಟು ಹೊತ್ತು ಬೇಡಿದರೆಂದರೆ ಹೆಗಲ ಮೇಲಿನ ಹೊದಿಕೆ ಜಾರಿಬಿತ್ತು, ಅಬೂಬಕ್ಕರ್ ಅದನ್ನು ಎತ್ತಿ ಮತ್ತೆ ಹೊದಿಸಿದರು. ಇದಕ್ಕೆ ಮುಂಚೆ, ಹುಬಾಬ್ ಬಿನ್ ಮುಂದಿರ್ ಎಂಬ ಸಹಾಬಿಯ, ಅಂದರೆ ಪ್ರವಾದಿಯವರ ಸಂಗಾತಿಯ, ಸಲಹೆ ಕೇಳಿ, ಬೀಡುಬಿಟ್ಟ ಜಾಗವನ್ನೇ ಬದಲಾಯಿಸಿ ನೀರಿನ ಬಾವಿಗಳ ಬಳಿಗೆ ಹೋಗಿಯಾಗಿತ್ತು. ಮೂಸಾ ನಬಿಯವರ ಕಥೆಯಲ್ಲಿ ಕ್ರಮ ಇನ್ನೂ ಸ್ವಾರಸ್ಯವಾದದ್ದು. ಈಜಿಪ್ಟಿನ ದೊರೆ ಫಿರ್‌ಔನನ ಮುಂದೆ ಮಾತಾಡುವ ಮೊದಲು ಅವರು ಕೇಳಿದ್ದು ನಾಲಗೆಯ ಗಂಟು ಬಿಡಿಸು ಎಂದು. ಮದ್‌ಯನಿನ ಬಾವಿಕಟ್ಟೆಯಲ್ಲಿ ಕುರುಬರ ನೂಕುನುಗ್ಗಲಿನಿಂದ ದೂರ ಸರಿದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಆಡುಗಳಿಗೆ ಮೊದಲು ನೀರು ಕುಡಿಸಿದರು, ಆಮೇಲೆ ನೆರಳಿಗೆ ಸರಿದು "ನನ್ನೊಡೆಯಾ, ನೀನು ಯಾವ ಒಳಿತನ್ನು ಇಳಿಸಿದರೂ ನಾನು ಅದರ ಅಗತ್ಯವುಳ್ಳವನು" ಎಂದರು. ಒಂದು ಕಡೆ ದುಆ ಮೊದಲು, ಇನ್ನೊಂದು ಕಡೆ ಕೆಲಸ ಮೊದಲು. ಯಾವುದು ಮೊದಲೆಂದು ಜಗಳವಾಡುವವರು ಕುರ್‌ಆನಿನ ತಾಹಾ, ಕಸಸ್ ಅಧ್ಯಾಯಗಳನ್ನು ಓದಿರುವುದಿಲ್ಲ.

ನಾಲ್ಕನೆಯ ವಾರವೇ ಈ ತರಗತಿಯ ಶಿಖರ, ಅದರ ದೊಡ್ಡ ಕೊರತೆ ಬಯಲಾದದ್ದೂ ಅಂದೇ. ವಿಷಯ ಖೌಲಾ ಬಿನ್ತ್ ಸಅಲಬಾ. 'ನೀನು ನನಗೆ ತಾಯಿಯ ಬೆನ್ನಿನಂತೆ' ಎಂದು ಗಂಡ ಹೇಳಿಬಿಟ್ಟರೆ ಹೆಂಡತಿ ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯಾದವಳೂ ಅಲ್ಲ ಎಂಬ ಅರಬರ ಹಳೆಯ ಪದ್ಧತಿಗೆ ಸಿಕ್ಕ ಆ ಮಹಿಳೆ, ನೇರ ಪ್ರವಾದಿಯವರ ಬಳಿಗೆ ಬಂದು ವಾದಿಸಿದರು. ತೃಪ್ತಿಕರ ಉತ್ತರ ಸಿಗದಾಗ ಅಲ್ಲಿಯೇ ಅಲ್ಲಾಹನಿಗೆ ದೂರು ಕೊಟ್ಟರು. "ತನ್ನ ಗಂಡನ ವಿಷಯದಲ್ಲಿ ನಿಮ್ಮೊಡನೆ ವಾದಿಸುತ್ತಿರುವ, ಅಲ್ಲಾಹನಿಗೆ ದೂರುತ್ತಿರುವ ಅವಳ ಮಾತನ್ನು ಅಲ್ಲಾಹನು ಕೇಳಿದ್ದಾನೆ" ಎಂದೇ 58ನೆಯ ಅಧ್ಯಾಯ ಆರಂಭವಾಗುತ್ತದೆ. ಆ ಅಧ್ಯಾಯದ ಹೆಸರೇ 'ವಾದಿಸುವವಳು'. ಒಂದೇ ಬಾಯಿಂದ, ಒಂದೇ ಕೂತಲ್ಲಿ, ಅರ್ಜಿ ಮನುಷ್ಯನಿಗೂ ದುಆ ದೇವರಿಗೂ ಹೋಯಿತು. ಎರಡನ್ನೂ ಒಂದೇ ವಾಕ್ಯದಲ್ಲಿ ಕುರ್‌ಆನ್ ದಾಖಲಿಸಿತು. ಆ ಸೂಕ್ತದ ಇಂತಹ ವಿವರಣೆಯನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಆದರೆ ಇದನ್ನು ಕೇಳುತ್ತಿದ್ದ ಹೆಂಗಸರು ಎಲ್ಲಿದ್ದರು? ಪಕ್ಕದ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಕಿರುಗುಟ್ಟುವ ಒಂದು ಹಳೆಯ ಸ್ಪೀಕರಿನ ಮುಂದೆ. ಅವರ ಪ್ರಶ್ನೆಗಳು ಚೀಟಿಯಲ್ಲಿ ಬರಬೇಕು, ಆ ಚೀಟಿಗಳನ್ನು ಒಬ್ಬ ಹುಡುಗ ತರಬೇಕು, ಸಮಯ ಉಳಿದರೆ ಉಸ್ತಾದರು ಓದಬೇಕು. ಅಂದು ಬಂದ ಚೀಟಿಯಲ್ಲಿ ಹೀಗೆ ಬರೆದಿತ್ತು: "ಖೌಲಾರವರು ಪ್ರವಾದಿಯವರ ಎದುರೇ ನಿಂತು ವಾದಿಸಿದರು. ನಮಗೆ ಸ್ಪೀಕರ್ ಸಹ ಸರಿಯಿಲ್ಲ." ಉಸ್ತಾದರು ಅದನ್ನು ಗಟ್ಟಿಯಾಗಿ ಓದಿದರು, ಓದದೆ ಮಡಚಿ ಕಿಸೆಗೆ ಹಾಕಿಕೊಳ್ಳಬಹುದಿತ್ತು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ಮುಂದಿನ ವಾರದಿಂದ ನಡುವಿನ ಬಾಗಿಲು ತೆರೆದಿತ್ತು, ಆ ಕಡೆಗೊಂದು ಮೈಕ್ ಹೋಗಿತ್ತು, ಒಳ್ಳೆಯ ಪ್ರಶ್ನೆಗಳೆಲ್ಲ ಆ ಕಡೆಯಿಂದಲೇ ಬಂದವು. ಆದರೂ ಮೊದಲ ನಾಲ್ಕು ವಾರ ಅವರಿಗೆ ನಷ್ಟವಾದದ್ದು ನಷ್ಟವೇ. ಸಂಘಟಕರು ಶುಲ್ಕವನ್ನಂತೂ ಇಬ್ಬರಿಂದಲೂ ಸಮನಾಗಿ ತೆಗೆದುಕೊಂಡಿದ್ದರು.

ಇನ್ನು ಮೇಜಿನ ವಿಷಯ. ತರಗತಿಯ ಪ್ರಚಾರಪತ್ರದಲ್ಲಿ ಅದು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ನನ್ನ ಎಣಿಕೆಯಲ್ಲಿ ಅದೇ ಮೊದಲ ಸಾಲಿನಲ್ಲಿ ಇರಬೇಕಾಗಿತ್ತು. ಕಾನೂನು ಓದುತ್ತಿರುವ ಇಬ್ಬರು ಹುಡುಗರು, ಒಬ್ಬಳು ಹುಡುಗಿ, ಒಂದು ಲ್ಯಾಪ್‌ಟಾಪ್, ಒಂದು ಕಟ್ಟು ಬಿಳಿ ಹಾಳೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಯಾರು ಹೋಗಬಹುದು, 1987ರ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬಂತಹ ಸಂಗತಿಗಳನ್ನು ಅವರು ತಾಳ್ಮೆಯಿಂದ ಹೇಳುತ್ತಿದ್ದರು. ಒಂದು ಶನಿವಾರ ನಾನು ಚಹಾ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ, ಎಪ್ಪತ್ತು ದಾಟಿದ ಒಬ್ಬ ಉಮ್ಮ ಬಂದು ಕುಳಿತರು. ಸಂಧ್ಯಾ ಸುರಕ್ಷಾ ಪಿಂಚಣಿ ಎಂಟು ತಿಂಗಳಿನಿಂದ ಖಾತೆಗೆ ಬಂದಿಲ್ಲ. ಕಚೇರಿಯಲ್ಲಿ ಬ್ಯಾಂಕಿಗೆ ಹೋಗಿ ಅನ್ನುತ್ತಾರೆ, ಬ್ಯಾಂಕಿನಲ್ಲಿ ಕಚೇರಿಗೆ ಹೋಗಿ ಅನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲಲಿಲ್ಲ. ಗಂಡ ತೀರಿಹೋದದ್ದು, ಗಲ್ಫಿಗೆ ಹೋದ ಮಗನ ಫೋನು ನಿಂತದ್ದು, ಮೊಣಕಾಲಿನ ನೋವು, ಎಲ್ಲವೂ ಬಂತು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಉಮ್ಮ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಮ್ಮ ರಾಜ್ಯದಲ್ಲಿ 150 ಪದ ಮಾತ್ರ ಬರೆಯಬಹುದು, ಒಂದೇ ವಿಷಯ ಕೇಳಬೇಕು" ಎಂದಳು.

"ಬಾಕಿ ಮಾತು ಯಾರಿಗೆ ಹೇಳುವುದು ಮೋಳೆ (ಮಗಳೇ)?"

"ಅದು ರಾತ್ರಿಯ ತಹಜ್ಜುದ್ ನಮಾಝಿನಲ್ಲಿ ಹೇಳಿ ಉಮ್ಮ, ಅಲ್ಲಿ ಪದದ ಲೆಕ್ಕ ಇಲ್ಲ."

ಉಮ್ಮ ನಕ್ಕರು. ಪಿಂಚಣಿ ಯಾವ ದಿನಾಂಕದಿಂದ, ಯಾವ ಆದೇಶದ ಮೇರೆಗೆ, ಯಾವ ಕಾರಣಕ್ಕೆ ನಿಂತಿದೆ ಎಂಬ ಪ್ರಶ್ನೆಗಳು ಹಾಳೆಯ ಮೇಲೆ ಇಳಿದವು. ಬಿಪಿಎಲ್ ಕಾರ್ಡ್ ಇದ್ದುದರಿಂದ 10 ರೂಪಾಯಿ ಶುಲ್ಕವೂ ಬೇಕಾಗಲಿಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿದರು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಎಂದು ಹೇಳಿ ತಾರೀಖನ್ನು ಉಮ್ಮನ ಪಾಸ್‌ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟರು. ಉತ್ತರಕ್ಕೂ ಮೊದಲೇ ಎರಡು ತಿಂಗಳ ಹಣ ಜಮೆಯಾಯಿತು, ಉಳಿದದ್ದಕ್ಕೆ ಮೇಲ್ಮನವಿ ಹೋಗಿದೆ ಎಂದು ಕೊನೆಯ ವಾರ ತಿಳಿಯಿತು.

ಐದನೆಯ ವಾರದ ಬಗ್ಗೆ ಬರೆಯುವುದು ನನಗೆ ಸ್ವಲ್ಪ ಕಷ್ಟ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ಸಈದ್ ಬಿನ್ ಝೈದ್ ಅವರ ಮೇಲೆ ಅರ್ವಾ ಎಂಬ ಮಹಿಳೆ ಜಮೀನು ಒತ್ತುವರಿಯ ಸುಳ್ಳು ದೂರು ಕೊಟ್ಟ ಪ್ರಕರಣವದು. ಒಂದು ಗೇಣು ನೆಲವನ್ನು ಅಕ್ರಮವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳನ್ನು ಸುತ್ತಲಾಗುವುದು ಎಂದು ಪ್ರವಾದಿಯವರ ಬಾಯಿಂದ ಕೇಳಿದ ಮೇಲೂ ನಾನು ಕಬಳಿಸುತ್ತೇನೆಯೇ ಎಂದು ಸಈದ್ ಗವರ್ನರ್ ಮರ್ವಾನನ ಮುಂದೆ ಹೇಳಿದರು. ಆ ನೆಲವನ್ನು ಅವಳಿಗೇ ಬಿಟ್ಟು, ಅವಳು ಸುಳ್ಳುಗಾತಿಯಾಗಿದ್ದರೆ ಅವಳ ಕಣ್ಣು ಹೋಗಲಿ, ಅವಳ ನೆಲದಲ್ಲಿಯೇ ಸಾವು ಬರಲಿ ಎಂದು ಪ್ರಾರ್ಥಿಸಿದರು. ಅವಳು ಕುರುಡಾಗಿ, ಅದೇ ಜಮೀನಿನ ಹೊಂಡದಲ್ಲಿ ಬಿದ್ದು ಸತ್ತಳು. ಮದ್ರಸದಲ್ಲಿ ಹುಡುಗನಾಗಿದ್ದಾಗ ಕೇಳಿದ ಕಥೆಯೇ. ಉಸ್ತಾದರು ಕಥೆ ಮುಗಿಸಿ, "ಈಗ ಇಲ್ಲಿರುವ ಗಂಡಸರಲ್ಲಿ ಎಷ್ಟು ಜನ ತಂಗಿಯ ಪಾಲನ್ನು ಕೊಟ್ಟಿದ್ದೀರಿ?" ಎಂದು ಕೇಳಿದರು. ಎರಡೋ ಮೂರೋ ಕೈಗಳು ಎದ್ದವು.

ನಮ್ಮ ತಂದೆಯದು ಎರಡೂವರೆ ಎಕರೆ ಅಡಿಕೆ ತೋಟ. ತಾಯಿ ಮೊದಲೇ ತೀರಿಕೊಂಡಿದ್ದರು. ಮಕ್ಕಳು ನಾನು, ತಮ್ಮ, ತಂಗಿ. ಕುರ್‌ಆನಿನ ಲೆಕ್ಕದಲ್ಲಿ ಐದು ಪಾಲು, ಅದರಲ್ಲಿ ಒಂದು ತಂಗಿಯದು, ಅಂದರೆ 50 ಸೆಂಟ್ಸ್. "ಅವಳಿಗೆ ಮದುವೆಯಲ್ಲಿ ಚಿನ್ನ ಹಾಕಿದೆಯಲ್ಲ" ಎಂಬ ಒಂದು ಮಾತಿನಲ್ಲಿ ಆ ಪಾಲನ್ನು ಮುಗಿಸಿ, ಪಹಣಿಯನ್ನು ನಾವಿಬ್ಬರು ಅರ್ಧರ್ಧ ಮಾಡಿಕೊಂಡೆವು. ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ ಹೆಣ್ಣಿಗೂ ಅದರಲ್ಲಿ ನಿಗದಿತ ಪಾಲುಂಟು ಎಂಬ ನಿಸಾ ಅಧ್ಯಾಯದ 7ನೆಯ ಸೂಕ್ತವನ್ನು ನಾನೇ ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇನೆ. ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ತಂದೂ, ಇವನ ಸೊತ್ತು ತಿಂದ, ಅವನಿಗೆ ಹೊಡೆದ ಲೆಕ್ಕಕ್ಕೆ ಅವೆಲ್ಲ ಸಂದುಹೋಗಿ ಬರಿಗೈಯಾಗುವವನೇ ನಿಜವಾದ ದಿವಾಳಿ ಎಂಬ ಹದೀಸ್ ಅಂದಿನ ಟಿಪ್ಪಣಿಯಲ್ಲಿತ್ತು. ಆ ಪುಟವನ್ನು ನಾನು ಎರಡನೆಯ ಸಲ ಓದಲಿಲ್ಲ.

ಆರನೆಯ ವಾರ ನಿರಾಶೆ ತಂದಿತು. ಆಳುವವನೇ ಅಕ್ರಮಿಯಾದರೆ ಏನು ಮಾಡಬೇಕು ಎಂಬುದು ಈ ವಿಷಯದಲ್ಲಿ ಅತ್ಯಂತ ಕಠಿಣ ಪ್ರಶ್ನೆ. ಅದಕ್ಕೆ ಸಿಕ್ಕದ್ದು ಇಪ್ಪತ್ತು ನಿಮಿಷ. ಇರಾಕಿನ ಗವರ್ನರ್ ಹಜ್ಜಾಜನ ಕಾಲದಲ್ಲಿ, ಅವನು ಅಲ್ಲಾಹನು ಕಳಿಸಿದ ಶಿಕ್ಷೆ, ಅದನ್ನು ಕತ್ತಿಯಿಂದಲ್ಲ, ವಿನಮ್ರ ಪ್ರಾರ್ಥನೆಯಿಂದ ಎದುರಿಸಿರಿ ಎಂದು ಹಸನ್ ಬಸರಿ ಹೇಳಿದ್ದನ್ನು ಉಸ್ತಾದರು ವಿವರಿಸಿ, ಅದೇ ಸುರಕ್ಷಿತ ದಾರಿ ಎಂಬಂತೆ ಮುಂದೆ ಹೋದರು. ಅದೇ ಕಾಲದ, ಅದೇ ಎತ್ತರದ ವಿದ್ವಾಂಸರಾದ ಸಈದ್ ಬಿನ್ ಜುಬೈರ್ ಇಬ್ನುಲ್ ಅಶ್‌ಅಸನ ಬಂಡಾಯಕ್ಕೆ ಸೇರಿದರು, ವರ್ಷಗಟ್ಟಲೆ ತಲೆಮರೆಸಿಕೊಂಡು 714ರಲ್ಲಿ ಹಜ್ಜಾಜನ ಕೈಯಲ್ಲಿ ಹತರಾದರು ಎಂಬುದು ಹೆಂಗಸರ ಕಡೆಯಿಂದ ಪ್ರಶ್ನೆ ಬಂದ ಮೇಲೆಯೇ ಪ್ರಸ್ತಾಪವಾಯಿತು. ಹಸನ್ ಬಸರಿಯವರೂ ಬಾಯಿ ಮುಚ್ಚಿ ಕುಳಿತವರಲ್ಲ. ಹಜ್ಜಾಜನನ್ನು ಕಟುವಾಗಿ ಟೀಕಿಸಿ, ಅವನು ಸಾಯುವವರೆಗೂ ಅಡಗಿ ಬದುಕಬೇಕಾಯಿತು ಎಂಬುದನ್ನಂತೂ ಯಾರೂ ಹೇಳಲಿಲ್ಲ. ಕೈಯಿಂದ, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ ಕೆಡುಕನ್ನು ಬದಲಿಸಬೇಕೆಂಬ ಪ್ರಸಿದ್ಧ ಹದೀಸನ್ನು ಅಬೂ ಸಈದ್ ಖುದ್ರಿ ನೆನಪಿಸಿದ್ದೇ, ರೂಢಿ ತಪ್ಪಿಸಿ ಈದ್ ನಮಾಝಿಗೆ ಮುಂಚೆಯೇ ಖುತ್ಬಾ ಆರಂಭಿಸಿದ ಮರ್ವಾನನನ್ನು ಸಾಮಾನ್ಯ ಮನುಷ್ಯನೊಬ್ಬ ಎದ್ದುನಿಂತು ತಡೆದಾಗ. ಈ ಸಂದರ್ಭವೂ ಬರಲಿಲ್ಲ. ಬದ್ರಿಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ಇಲ್ಲಿಗೆ ಕೊಡಬಹುದಿತ್ತು.

ಏಳನೆಯ ವಾರ ಅತಿಥಿ ಉಪನ್ಯಾಸ, ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿದ ಇಮಾಮ್ ಅಬ್ದುಲ್ಲಾ ಹಾರೂನ್ ಅವರ ಕುರಿತು. ಕೇಪ್ ಟೌನಿನ ಕ್ಲೇರ್‌ಮಾಂಟಿನಲ್ಲಿ ಇಮಾಮರಾಗಿದ್ದ ಅವರು ಹೊಟ್ಟೆಪಾಡಿಗೆ ಒಂದು ಮಿಠಾಯಿ ಕಂಪನಿಯ ಮಾರಾಟ ಪ್ರತಿನಿಧಿಯಾಗಿದ್ದರು; ಆ ಕೆಲಸದ ನೆಪದಲ್ಲಿಯೇ ಕರಿಯರ ಬಸ್ತಿಗಳಾದ ಲಂಗಾ, ನ್ಯಾಂಗಾಗಳಿಗೆ ಹೋಗಿಬರುತ್ತಿದ್ದರು, ಸೆರೆಮನೆಯಲ್ಲಿದ್ದವರ ಕುಟುಂಬಗಳಿಗೆ ಗುಟ್ಟಾಗಿ ಹಣ ಮುಟ್ಟಿಸುತ್ತಿದ್ದರು. 1969ರ ಮೇ 28ರಂದು ಬಂಧನ. 123ನೆಯ ದಿನ, ಸೆಪ್ಟೆಂಬರ್ 27ರಂದು, ಕಸ್ಟಡಿಯಲ್ಲಿ ಸಾವು. ಮೆಟ್ಟಿಲಿನಿಂದ ಜಾರಿಬಿದ್ದರು ಎಂದರು ಪೊಲೀಸರು. ಮಯ್ಯತ್ (ಶವ) ದಫನಾದ 29ರ ರಾತ್ರಿ ಆ ಪ್ರಾಂತ್ಯದಲ್ಲಿ ದೊಡ್ಡ ಭೂಕಂಪವಾಯಿತು. ನಮ್ಮ ಸಾಲಿನಿಂದ ಯಾರೋ "ದುಆದ ಉತ್ತರ" ಎಂದರು. ಉಪನ್ಯಾಸಕ ಹುಡುಗ ಒಪ್ಪಲಿಲ್ಲ: "ಭೂಕಂಪದಲ್ಲಿ ಹೆಚ್ಚು ನಷ್ಟವಾದದ್ದು ತುಲ್ಬಾಗ್, ಸೆರೆಸ್ ಕಡೆಯ ಊರುಗಳಿಗೆ. ಆ ಜನ ಇಮಾಮರಿಗೆ ಏನು ಮಾಡಿದ್ದರು?" ನಂತರ ಅವನು ಹೇಳಿದ್ದು 2023ರ ಅಕ್ಟೋಬರಿನ ತೀರ್ಪಿನ ವಿಷಯ. ಕುಟುಂಬದವರು ಪಟ್ಟುಬಿಡದೆ ತನಿಖೆಯನ್ನು ಮತ್ತೆ ತೆರೆಸಿದರು. ಅದು ಜಾರಿಬಿದ್ದ ಸಾವಲ್ಲ, ಚಿತ್ರಹಿಂಸೆಯಿಂದಾದ ಸಾವು ಎಂದು ನ್ಯಾಯಾಲಯ 54 ವರ್ಷಗಳ ನಂತರ ಹೇಳಿತು. ಈ ಉಪನ್ಯಾಸವನ್ನು ಆರನೆಯ ವಾರಕ್ಕೆ ಜೋಡಿಸಿದ್ದರೆ ಎರಡೂ ಗೆಲ್ಲುತ್ತಿದ್ದವು.

ಟಿಪ್ಪಣಿ ಪುಸ್ತಕದ ಮುದ್ರಣ ಸುಮಾರು. ಅರಬಿ ಪಠ್ಯ ಸ್ಪಷ್ಟವಾಗಿದೆ. ಕನ್ನಡದಲ್ಲಿ ಕಾಗುಣಿತದ ತಪ್ಪುಗಳಿವೆ, 'ಮರ್ದಿತ' ಎಂಬುದು ಎರಡು ಕಡೆ 'ಮರ್ದಕ', ಅಂದರೆ ಅನ್ಯಾಯ ಮಾಡುವವನು, ಎಂದಾಗಿದೆ. ಈ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಎಂಟನೆಯ ವಾರ ಪುನರಾವರ್ತನೆ, ಬಿರಿಯಾನಿ, ಪ್ರಮಾಣಪತ್ರ. ತಪ್ಪಿಸಿಕೊಂಡರೂ ನಷ್ಟವಿಲ್ಲ, ಬಿರಿಯಾನಿಯ ಹೊರತು.

ನಾನು ಮೇಜಿನ ಸಾಲಿನಲ್ಲಿ ನಿಂತದ್ದು ಏಳನೆಯ ವಾರ. ಅದೇ ಹುಡುಗಿ ಇದ್ದಳು. ಪಹಣಿ ಯಾರ ಹೆಸರಿನಲ್ಲಿದೆ ಎಂದಳು, ಹೇಳಿದೆ. "ಮಾಸ್ಟ್ರೇ, ತಮ್ಮ ಒಪ್ಪಿದ್ದಾರಾ?" ಎಂದಳು. ಇಲ್ಲ ಎಂದೆ. "ಹಾಗಾದರೆ ನಿಮ್ಮ ಭಾಗದಿಂದ 25 ಸೆಂಟ್ಸ್ ಕೊಡಬಹುದು. ಮೊದಲು ಜಮೀನಿನ 11ಇ ಸರ್ವೆ ಸ್ಕೆಚ್ ಮಾಡಿಸಿ, ಆಮೇಲೆ ದಾನಪತ್ರ ನೋಂದಣಿ" ಎಂದು ಬೇಕಾದ ಕಾಗದಗಳ ಪಟ್ಟಿಯನ್ನು ಬಿಳಿ ಹಾಳೆಯಲ್ಲಿ ಬರೆದಳು. ಅವಳ ದನಿಯಲ್ಲಿ ಮೆಚ್ಚುಗೆಯಾಗಲಿ ಆಕ್ಷೇಪವಾಗಲಿ ಇರಲಿಲ್ಲ, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಮುಂದಿನ ತಂಡ ರಮಝಾನ್ ಕಳೆದ ಮೇಲೆ ಆರಂಭವಾಗುತ್ತದಂತೆ, ಶುಲ್ಕ ಅಷ್ಟೇ. ಹೋಗುವವರು ಮಗ್ರಿಬಿಗೆ ಅಲ್ಲಿಯೇ ಸಾಮೂಹಿಕ ನಮಾಝಿಗೆ (ಜಮಾಅತಿಗೆ) ಸೇರಿದರೆ ಮುಂದಿನ ಸಾಲು ಸಿಗುತ್ತದೆ. ಕಿಟಕಿಯ ಬದಿಯ ಫ್ಯಾನ್ ತಿರುಗುವುದಿಲ್ಲ. ಮೇಜಿಗೆ ಹೋಗುವವರು ಆಧಾರ್, ಪಡಿತರ ಚೀಟಿಗಳ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿರಿ, ಹತ್ತಿರದ ಅಂಗಡಿ ಇಶಾ ಹೊತ್ತಿಗೆ ಮುಚ್ಚಿರುತ್ತದೆ. ನನ್ನ ಸ್ಕೆಚ್ಚಿಗೆ ಸರ್ವೆಯವರು ಇನ್ನೂ ಬಂದಿಲ್ಲ. ತಂಗಿಗೆ ಫೋನಿನಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟದ ಮೇಲಿನ ಬದಿಯಲ್ಲಿದ್ದ ಹಲಸಿನ ಮರ ಈಗಲೂ ಇದೆಯೇ ಎಂದು ಕೇಳಿದಳು.